ಬಾಯಿ ನಿಂತರೆ ಗಾಡಿ ನಿಲ್ಲಬೇಕು

ಮಾರ್ಚ್ ೩, ಸೋಮವಾರ

ಅಕ್ಕ ಬದುಕಿದ್ದರೆ ಇದನ್ನೆಲ್ಲ ಅವಳಿಗೆ ಕಾಗದ ಬರೆಯುತ್ತಿದ್ದೆ. ವಾರಕ್ಕೊಂದರಂತೆ ನಲವತ್ತು ವರ್ಷ ಬರೆದ ಕೈ. ಅವಳು ಹೋದಳು, ಇನ್ನು ಸುಮ್ಮನಿರು ಎಂದರೆ ಕೇಳುವುದಿಲ್ಲ. ಅದಕ್ಕೇ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ನನಗೆ ನಾನೇ ಬರೆದುಕೊಳ್ಳುತ್ತಿದ್ದೇನೆ. ಓದುವವರಿಲ್ಲ, ಅಕ್ಷರ ಸೊಟ್ಟಗಿದ್ದರೂ ಬೈಯುವವರಿಲ್ಲ.

ಇವತ್ತು ಹೊಸಬ ಬಂದ. ಡ್ರೈವಿಂಗ್ ಶಾಲೆಯ ಯಜಮಾನರು ಶನಿವಾರವೇ ಫೋನಿನಲ್ಲಿ ಎಳೆದೆಳೆದು ಮಾತಾಡಿದ್ದರು. "ಒಬ್ಬರಿದ್ದಾರೆ. ಉಳಿದ ಇಬ್ಬರು ಮೇಷ್ಟ್ರೂ ಆಗಲ್ಲ ಅಂದ್ರು. ಗೇಟಿನವರ ಪೈಕಿ. ನೀವೂ ಬೇಡ ಅಂದ್ರೆ ನಾನೇನೂ ಅಂದ್ಕೊಳ್ಳಲ್ಲಮ್ಮ."

ಗೇಟಿನವರು ಎಂದರೆ ಮುಚ್ಚಿದ ಗೇಟಿನ ಚಿತ್ರವನ್ನು ಬ್ಯಾಡ್ಜು ಮಾಡಿಕೊಂಡವರು. ಗೋಡೆಗಳ ಮೇಲೆ "ಹೊರಗಿನವರು ಹೊರಗೆ" ಎಂದು ಬರೆಯುವವರು. ಹೊರಗಿನವರು ಎಂದರೆ ನಾವು. ಈ ಊರಿನ ಬಂದರು ಕಟ್ಟುವಾಗ ಮಣ್ಣು ಹೊರಲು ನಮ್ಮಜ್ಜ ಹಡಗಿನಲ್ಲಿ ಬಂದವನು. ಅಪ್ಪ ಹುಟ್ಟಿದ್ದು ಇಲ್ಲೇ, ನಾನು ಹುಟ್ಟಿದ್ದೂ ಇಲ್ಲೇ. ಮೈಬಣ್ಣ ನೋಡಿ ಊರು ಯಾವುದೆಂದು ತೀರ್ಮಾನಿಸುವವರಿಗೆ ಯಾವ ದಾಖಲೆ ತೋರಿಸಿ ಏನು?

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಯಾರನ್ನೂ ವಾಪಸು ಕಳಿಸಿದವಳಲ್ಲ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆಯಲ್ಲ, ಇನ್ನೇನು ಭಯ ಅಂದುಕೊಂಡೆ.

ಬಸ್‌ಸ್ಟಾಪಿನ ಹತ್ತಿರ ನಿಂತಿದ್ದ. ಐವತ್ತು ದಾಟಿದ ಆಳು. ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸುವ ಕೆಲಸ. ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು, ಮಂಡಿ ಎರಡೂ ಸವೆದು ಬಾತುಕೋಳಿಯ ನಡಿಗೆ. ಕಿವಿಯ ಹಿಂದೆ ಹಚ್ಚೆ: ಗೇಟು. ಬಾಗಿಲಿಗೆ ಕೈಹಾಕಿದವನು ನನ್ನ ಮುಖ ಕಂಡು ಅಲ್ಲೇ ನಿಂತ.

"ಬೇರೆ ಯಾರೂ ಇಲ್ವಾ?"

"ಇದ್ದಾರೆ. ಜೂನ್‌ವರೆಗೂ ಅವರಿಗೆ ಪುರುಸೊತ್ತಿಲ್ಲ."

ಅಷ್ಟು ದಿನ ಕಾಯಲು ಅವನಿಗಾಗದು. ಮದುವೆಯಾದಾಗಿನಿಂದ ಕಾರು ಓಡಿಸಿದ್ದು ಹೆಂಡತಿ. ಈಗ ಅವಳ ಕಣ್ಣು ಮಬ್ಬಾಗುತ್ತ ಬಂದಿದೆ, ವಾರಕ್ಕೆರಡು ಸಲ ದೂರದ ಆಸ್ಪತ್ರೆಗೆ ಕರೆದೊಯ್ಯಬೇಕು. ಕೂತ. ಬಣ್ಣ ಒಣಗದ ಬೆಂಚಿನ ಮೇಲೆ ಕೂರುವ ಹಾಗೆ, ತುದಿಯಲ್ಲಿ.

ನನ್ನ ಪದ್ಧತಿ ಹೇಳಿದೆ. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ. ಚಿಕ್ಕಪ್ಪನ ಲಾರಿಯನ್ನು ಕದ್ದು ಓಡಿಸುವಾಗ ಹೆದರಿಕೆಗೆ ನಾನೇ ಮಾಡಿಕೊಂಡ ಉಪಾಯ. ಕಣ್ಣಿಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಓಡಿಸಬೇಕು. ನಿಂತ ವ್ಯಾನು, ತಿರುಗುವ ಸೈಕಲ್ಲು, ಉರುಳುವ ಚೆಂಡು, ಅದರ ಹಿಂದೆ ಓಡಿ ಬರಬಹುದಾದ ಮಗು. ಬಾಯಿ ನಿಂತಿತು ಎಂದರೆ ನೋಟವೂ ನಿಂತಿದೆ. ಆಗ ಗಾಡಿಯೂ ನಿಲ್ಲಬೇಕು.

"ಹುಚ್ಚರ ಹಾಗೆ ಒಬ್ಬನೇ ಮಾತಾಡ್ಕೋಬೇಕಾ?" ಎಂದ.

"ಕೇಳಿಸ್ಕೊಳ್ಳೋಕೆ ನಾನಿದ್ದೀನಲ್ಲ."

ನನ್ನ ಕಾರಿನಲ್ಲಿ ಕೂತವರೆಲ್ಲ ನನಗೆ 'ನೀನು'. ಹಲ್ಲಿನ ಡಾಕ್ಟರನ್ನೂ 'ನೀನು' ಅಂತಲೇ ಬೈದಿದ್ದೇನೆ. ಇವನಿಗೆ ಮಾತ್ರ ನಾಲಿಗೆ 'ನೀವು' ಅಂದಿತು. ಯಾಕೋ.

ಮಾರ್ಚ್ ೭, ಶುಕ್ರವಾರ

ತಮ್ಮನಿಗೆ ಗೊತ್ತಾಗಿಬಿಟ್ಟಿತು. ನಮ್ಮದು ಮೂರಂತಸ್ತಿನ ಸಪೂರ ಕಟ್ಟಡ: ಕೆಳಗೆ ಅವನ ಸೈಕಲ್ ರಿಪೇರಿ ಅಂಗಡಿ, ನಡುವೆ ಅವನು ಮತ್ತು ಹೆಂಡತಿ, ಮೇಲೆ ನಾನು. ಇಲ್ಲಿ ಒಬ್ಬರು ಸೀನಿದರೆ ಮೂರೂ ಅಂತಸ್ತಿಗೆ ನೆಗಡಿ. ಗುಟ್ಟು ಎಲ್ಲಿ ನಿಲ್ಲಬೇಕು?

ಚೈನಿನ ಎಣ್ಣೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. "ನಿಜಾನಾ?"

"ಕೆಲಸ ಕಣೋ. ಪಾಠ ಅಷ್ಟೇ."

ಅವನು ಬಲಗೈ ಎತ್ತಿ ತೋರಿಸಿದ. ಎರಡು ವರ್ಷದ ಹಿಂದೆ ಗೇಟಿನವರ ಮೆರವಣಿಗೆ ನಮ್ಮ ಬೀದಿಗೆ ನುಗ್ಗಿದಾಗ ಅಂಗಡಿಯ ಗಾಜು ಹೋಯಿತು. ಇವನು ಒಳಗಿನಿಂದ ಶಟರ್ ಇಳಿಸಲು ಹೋದ. ಹೊರಗಿನಿಂದ ಯಾರೋ ಅದನ್ನೇ ಹಿಡಿದು ಇವನ ಕೈಮೇಲೆ ಜಗ್ಗಿದರು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಸಣ್ಣ ಸ್ಕ್ರೂ ಕೈಯಿಂದ ಜಾರಿದಾಗಲೆಲ್ಲ ಮಾತಿಲ್ಲದೆ ಹೆಕ್ಕಿಕೊಳ್ಳುತ್ತಾನೆ. ಪೊಲೀಸರ ಫೈಲಿನಲ್ಲಿ 'ಯಾರೆಂದು ತಿಳಿದುಬಂದಿಲ್ಲ' ಎಂದು ಬರೆದು ಮುಚ್ಚಿದ್ದಾರೆ. ಪ್ರತಿ ತಿಂಗಳ ಮೊದಲ ಶನಿವಾರ ಇವನು ಠಾಣೆಗೆ ಹೋಗಿ "ಏನಾಯ್ತು?" ಎಂದು ಕೇಳಿ ಬರುತ್ತಾನೆ. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ.

"ಅವನು ನಿನ್ನ ಕಾರಲ್ಲಿ ಕೂರೋದು ನಿಲ್ಲೋವರೆಗೆ ನಾನು ಅದರಲ್ಲಿ ಕೂರಲ್ಲ" ಎಂದ.

"ಮಾತಾಡಿದ್ರೆ ತಾನೇ ಮನುಷ್ಯ ಬದಲಾಗೋದು?"

"ನನ್ನ ಕೈ ಮಾತಾಡಿ ಹೀಗಾಗಿದ್ದಲ್ಲ ಅಕ್ಕ."

ಅವನ ಹೆಂಡತಿ ನಡುವೆ ನಿಂತು ನಮ್ಮಿಬ್ಬರಿಗೂ ತಿನ್ನಲು ಏನೋ ಕೊಟ್ಟಳು. ಇಬ್ಬರೂ ಮುಟ್ಟಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಇವತ್ತು ಒಂದು ಸಣ್ಣ ಗೆಲುವು. ಬರೆದಿಡಲೇಬೇಕು.

ಮಾರುಕಟ್ಟೆಯ ಹತ್ತಿರ ಪಾದಚಾರಿಗಳು ದಾಟುವ ಜಾಗ. ಅವನು ಗೊಣಗುತ್ತ ಹೇಳುತ್ತಿದ್ದ: "ಲಾರಿ ನಿಂತಿದೆ. ಲೈಟು ಹಸಿರು. ಮುಂದೆ ನಿಮ್ಮೋರು ಇಬ್ರು."

ನಾನು ಬ್ರೇಕ್ ಒತ್ತಿದೆ. ಹಿಂದಿನ ಗಾಡಿಯವನು ಹಾರನ್ನಿನಲ್ಲಿ ನನ್ನ ಕುಲವನ್ನೆಲ್ಲ ನೆನೆದ.

"ರಸ್ತೆ ಮೇಲೆ ನಮ್ಮೋರು ನಿಮ್ಮೋರು ಅಂತ ಯಾರೂ ಇರಲ್ಲ. ಎಷ್ಟು ಜನ, ಮುಖ ಯಾವ ಕಡೆ, ನಡಿಗೆ ಎಷ್ಟು ಜೋರು. ಅಷ್ಟೇ ಹೇಳಬೇಕು. 'ನಿಮ್ಮೋರು' ಅಂದ್ರೆ ಅವರು ಎಡಕ್ಕೆ ಹೋಗ್ತಾರಾ ಬಲಕ್ಕೆ ಹೋಗ್ತಾರಾ, ಗೊತ್ತಾಗುತ್ತಾ?"

ಅವನ ಕಿವಿ ಕೆಂಪಾಯಿತು. ಇಳಿದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಕನ್ನಡಿ ನೋಡಿ, ಗೇರ್ ಹಾಕಿ, "ಇಬ್ರು ಹೆಂಗಸರು. ಒಬ್ಬಳ ಕೈಲಿ ಮಗು. ನಮ್ಮ ಕಡೆ ನೋಡ್ತಿಲ್ಲ. ನಿಧಾನ ಮಾಡ್ತೀನಿ" ಎಂದ. ಸರಿಯಾಗಿ ಹೇಳಿದ.

ಕನ್ನಡಿಗೆ ನೇತುಹಾಕಿದ್ದ ಪುಟ್ಟ ಚಕ್ರವನ್ನು ತೆಗೆದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟೆ. ತಮ್ಮ ಸೈಕಲ್ಲಿನ ಮುರಿದ ಕಡ್ಡಿಗಳಿಂದ ಮಾಡಿಕೊಟ್ಟದ್ದು, ನಮ್ಮ ಅಜ್ಜನ ಊರಿನ ಕಡೆಯ ನೂಲು ಸುತ್ತಿದೆ. ಹೊಸಬರಿಗೆ ನೋಟಕ್ಕೆ ಅಡ್ಡ ಬರುತ್ತದೆ.

ಮಾರ್ಚ್ ೨೪, ಸೋಮವಾರ

ಮಾತು ಬೆಳೆಯುತ್ತಿದೆ. ಅವನ ಅಪ್ಪ ಗೋದಾಮಿನಲ್ಲಿ ಮೂಟೆ ಎತ್ತುತ್ತಿದ್ದವನು. ಕೆಲಸ ಹೋದ ದಿನ ಬಂದು ಟೇಬಲ್ಲಿನ ಮುಂದೆ ಕೂತನಂತೆ, ಏಳಲಿಲ್ಲವಂತೆ. ಅಪ್ಪನ ಜಾಗಕ್ಕೆ ಬಂದವರು ನಮ್ಮವರು. ಅದನ್ನು ಅವನಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಯಾರೋ ಹೇಳಿಕೊಟ್ಟರು. ಕೆಲಸದಿಂದ ತೆಗೆದ ಧಣಿ ಯಾರೆಂದು ಯಾರೂ ಹೇಳಿಕೊಡಲಿಲ್ಲ. ನಾನು ಇದನ್ನು ಹೇಳಿದಾಗ ಒಂದು ಸಿಗ್ನಲ್ ಪೂರ್ತಿ ಸುಮ್ಮನಿದ್ದ.

"ಬಾಯಿ" ಎಂದೆ.

"ಲೈಟು ಕೆಂಪು" ಎಂದು ಬೇಗ ಸೇರಿಸಿದ. ಇಬ್ಬರಿಗೂ ನಗು ಬಂತು.

ಇಳಿಯುವಾಗ, "ಎಲ್ಲರೂ ನಿಮ್ಮಂಥೋರಾಗಿದ್ರೆ ನಮಗೆ ಗೇಟೇ ಬೇಕಾಗ್ತಿರಲಿಲ್ಲ. ನೀವು ಬೇರೆ" ಎಂದ.

ಕೇಳಿ ಹಿತವಾಯಿತು, ಸುಳ್ಳೇಕೆ ಹೇಳಲಿ. ಏಳು ಪಾಠದಲ್ಲಿ ಇಷ್ಟು ದೂರ ಬಂದಿದ್ದಾನೆ.

ಪಾಠದ ನಡುವೆ ತಮ್ಮನ ಹೆಂಡತಿ ಫೋನು ಮಾಡಿದಳು. ಮನೆ ಮಾತಿನಲ್ಲಿ ಅಲ್ಲ, ಊರಿನ ಭಾಷೆಯಲ್ಲಿ ಉತ್ತರಿಸಿದೆ. ಪಕ್ಕದಲ್ಲಿ ಒಬ್ಬರಿರುವಾಗ ಅವರಿಗೆ ತಿಳಿಯದ ಮಾತಾಡುವುದು ಒರಟುತನ. ಅವಳು, "ಯಾರತ್ರ ಮಾತಾಡ್ತಿದ್ದೀರಾ? ನಾನು ಕಣ್ರೀ!" ಎಂದು ಗಾಬರಿಯಾದಳು. ಮೆತ್ತಗೆ ಮಾತಾಡು ಅಂದೆ. ನಮ್ಮವರ ದನಿಯೂ ದೊಡ್ಡದೇ.

ನಮ್ಮ ಬೀದಿಯಲ್ಲಿ ಪೈಪಿಗಾಗಿ ಅಗೆಯುತ್ತಿದ್ದಾರೆ. ಅದಕ್ಕೇ ಪಾಠ ಬಸ್‌ಸ್ಟಾಪಿನಿಂದ ಹಾಲಿನ ಡಿಪೋ ರಸ್ತೆಯಲ್ಲೇ.

ಏಪ್ರಿಲ್ ೪, ಶುಕ್ರವಾರ

ಅಗೆದದ್ದನ್ನು ಮುಚ್ಚಿ ವಾರವಾಯಿತು. ಡಿಪೋ ರಸ್ತೆಯೇ ಚೆನ್ನಾಗಿದೆ, ಅಗಲ. ಅವನು ಹಿಮ್ಮುಖ ತಿರುಗಿಸುವುದನ್ನು ಕಲಿತ. ಅವನ ಹೆಂಡತಿ ನನಗೆಂದು ಕೈಚೀಲ ಹೊಲಿದು ಕಳಿಸಿದ್ದಾಳೆ. ಕಣ್ಣು ಕಾಣದಿದ್ದರೂ ಹೊಲಿಗೆ ನೇರ. ಎಷ್ಟು ಹೊತ್ತು ಬೆರಳಿನಿಂದ ತಡವಿ ತಡವಿ ಹೊಲಿದಳೋ.

ಏಪ್ರಿಲ್ ೫, ಶನಿವಾರ

ತಮ್ಮ ಬಸ್ಸಿನಲ್ಲಿ ಠಾಣೆಗೆ ಹೋಗಿ ಬಂದ. ನಾನು ಕಾರು ಒರೆಸುತ್ತಿದ್ದೆ. ಕಿಟಕಿಯಿಂದ ಬಗ್ಗಿ ನೋಡಿದ.

"ಚಕ್ರ ಎಲ್ಲಿ?"

"ಹೊಸಬರಿಗೆ ಅಡ್ಡ ಬರುತ್ತೆ ಅಂತ."

"ಹನ್ನೊಂದು ವರ್ಷ ಯಾರಿಗೂ ಅಡ್ಡ ಬಂದಿರಲಿಲ್ಲ."

ಅವನು 'ನೀವು ಬೇರೆ' ಅಂದದ್ದನ್ನು ಹೇಳಿದೆ. ಹೇಳಬಾರದಿತ್ತು. ತಮ್ಮ ನಕ್ಕುಬಿಟ್ಟ, ಚೆನ್ನಾದ ನಗುವಲ್ಲ.

"ನೀನು ಬೇರೆ ಅಂದ್ನಾ? ಖುಷಿ ಆಯ್ತಾ? ಹಾಗಾದ್ರೆ ನಾನು ಯಾರು?"

"ಅವನು ಬದಲಾಗ್ತಿದ್ದಾನೆ ಕಣೋ, ನೀನು ನೋಡಿಲ್ಲ."

"ಅವನನ್ನ ನಾನ್ಯಾಕೆ ನೋಡಲಿ, ನಿನ್ನ ನೋಡ್ತಿದ್ದೀನಲ್ಲ. ಅವನನ್ನ ಕೂರಿಸ್ಕೊಳ್ಳೋಕೆ ಅಂತ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕಾರಿಂದ ಇಳಿಸ್ತಿದ್ದೀಯ ಅಕ್ಕ."

ಇವನಿಗೆ ಚಿಕ್ಕಂದಿನಿಂದಲೂ ಬಾಯಿ ಜಾಸ್ತಿ.

ಏಪ್ರಿಲ್ ೭, ಸೋಮವಾರ

ಪಾಠ ಆಯಿತು. ಡಿಪೋ ರಸ್ತೆ. ಅವನು ಚೆನ್ನಾಗಿ ಓಡಿಸಿದ. ನಾನು ಎರಡು ತಿರುವು ತಪ್ಪು ಹೇಳಿದೆ.

ಏಪ್ರಿಲ್ ೧೧, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಸ್‌ಸ್ಟಾಪಿನಿಂದ ಹೊರಟ ಮೇಲೆ, ಡಿಪೋ ಬರುವ ಮೊದಲೇ, "ಬಲಕ್ಕೆ" ಎಂದೆ. ಯೋಚಿಸಿ ಹೇಳಿದ್ದಲ್ಲ. ಬಲಕ್ಕೆ ಎಂದರೆ ನಮ್ಮ ಬೀದಿ.

ಅವನು ಎಂದಿನಂತೆ ಹೇಳುತ್ತ ತಿರುಗಿಸಿದ. "ಬೀದಿ ಸಣ್ಣದು. ಎಡಗಡೆ ವ್ಯಾನು, ಒಳಗೆ ಯಾರೂ ಇಲ್ಲ. ಮುದುಕಪ್ಪ ಒಬ್ರು, ಕೋಲು ಇದೆ, ದಾಟಲ್ಲ. ಬಾಗಿಲಲ್ಲಿ ಮೂರು ಮಕ್ಕಳು, ಒಂದು ಓಡಬಹುದು. ಬಲಗಡೆ ಸೈಕಲ್ ಅಂಗಡಿ. ಕಿಟಕಿಗೆ ಹಲಗೆ..."

ಬಾಯಿ ನಿಂತಿತು.

ನಾನು ಬ್ರೇಕ್ ಒತ್ತಬೇಕಾಗಲಿಲ್ಲ. ಅವನೇ ನಿಲ್ಲಿಸಿದ. ಆರು ವಾರ ತಿದ್ದಿದ ಕಾಲು, ಯಜಮಾನನನ್ನು ಕೇಳದೆ ತನ್ನ ಪಾಡಿಗೆ ನಿಲ್ಲಿಸಿತು. ಬೀದಿಯ ಮಧ್ಯೆ, ಅಂಗಡಿಯ ನೇರಕ್ಕೆ.

"ಏನು ಕಾಣ್ತಿದೆ?" ಎಂದೆ.

"ಹಲಗೆ."

"ಆಮೇಲೆ?"

"ಅಲ್ಲಿ ಗಾಜಿತ್ತು."

ಗಾಜು ಹೋಗಿ ಎರಡು ವರ್ಷವಾಯಿತು. "ನಿನಗೆ ಹೇಗೆ ಗೊತ್ತು?" ಎಂದೆ.

ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. "ನಾನು ಕಲ್ಲು ಎಸೀಲಿಲ್ಲ. ಶಟರ್ ಜಗ್ಗಿದೋರಲ್ಲಿ ನಾನೊಬ್ಬ. ಒಳಗೆ ಕೈಯಿದೆ ಅಂತ... ಕೂಗು ಕೇಳಿಸ್ತು. ಆಮೇಲೂ ಬಿಡಲಿಲ್ಲ."

ಕಾರಿನ ಸದ್ದಿಗೆ ತಮ್ಮ ಹೊರಗೆ ಬಂದಿದ್ದ. ಮೊದಲು ನನ್ನನ್ನು ನೋಡಿದ, ಆಮೇಲೆ ಕಿವಿಯ ಹಿಂದಿನ ಗೇಟನ್ನು. ನನ್ನ ಮುಖದಲ್ಲೇ ಎಲ್ಲ ಓದಿಕೊಂಡನೆಂದು ಕಾಣುತ್ತದೆ. ತಮ್ಮನೂ ಇದೇ ಸೀಟಿನಲ್ಲಿ ಕೂತು, ಇದೇ ಪದ್ಧತಿಯಲ್ಲಿ ನನ್ನಿಂದಲೇ ಕಲಿತವನಲ್ಲವೇ. ಇಳಿಸಿದ ಕಿಟಕಿಯಿಂದ ಬಲಗೈಯನ್ನು ಒಳಗೆ ಹಾಕಿ ಸ್ಟೇರಿಂಗ್ ಹಿಡಿದವನ ಮೂಗಿನ ಹತ್ತಿರ ಚಾಚಿದ.

"ಅಕ್ಕ ಕಲಿಸಿದ್ದಾಳಲ್ಲ? ಕಂಡದ್ದು ಹೇಳು."

"ಕೈ" ಎಂದ ಅವನು. "ಬಲಗೈ. ಎರಡು ಬೆರಳು ನೆಟ್ಟಗಿವೆ. ಮಡಚಲ್ಲ. ಮೇಲೆ ಹೊಲಿಗೆ. ಏಳು. ಎಂಟು."

"ಒಂಬತ್ತು" ಎಂದ ತಮ್ಮ. "ಒಂದು ಈ ಕಡೆಗಿದೆ." ಕೈ ತಿರುಗಿಸಿ ತೋರಿಸಿದ. ಆಮೇಲೆ ಕೈ ಹಿಂದೆ ತೆಗೆದುಕೊಂಡು ಒಳಗೆ ಹೋದ. ಬೈಯಲಿಲ್ಲ, ಹೊಡೆಯಲಿಲ್ಲ. ಕ್ಷಮಿಸಲಂತೂ ಇಲ್ಲ.

ಅವನು ಮೂರು ಸಲ ಸ್ಟಾರ್ಟ್ ಮಾಡಲು ನೋಡಿದ, ಮೂರು ಸಲವೂ ಗಾಡಿ ಕುಪ್ಪಳಿಸಿ ನಿಂತಿತು. ಅವನನ್ನು ಪಕ್ಕದ ಸೀಟಿಗೆ ಕಳಿಸಿ, ನಾನೇ ಓಡಿಸಿಕೊಂಡು ಬಸ್‌ಸ್ಟಾಪಿಗೆ ಬಿಟ್ಟೆ. ದಾರಿಯುದ್ದಕ್ಕೂ ನನಗೂ ಬಾಯಿ ಬರಲಿಲ್ಲ.

ಇಳಿದು ಬಾಗಿಲು ಹಿಡಿದು ನಿಂತ. "ಸೋಮವಾರ...?"

"ಪಾಠ ಇದೆ. ಆದ್ರೆ ಇನ್ಮೇಲೆ ನಾನು ಇಲ್ಲಿಗೆ ಬರಲ್ಲ. ಸೈಕಲ್ ಅಂಗಡಿ ಮುಂದಿಂದ ಶುರು. ನೀನೇ ಬರಬೇಕು."

ಏಪ್ರಿಲ್ ೧೪, ಸೋಮವಾರ

ಬರಲಿಲ್ಲ.

ಒಂಬತ್ತರಿಂದ ಹತ್ತರವರೆಗೆ ಅಂಗಡಿಯ ಮುಂದೆ ಕಾರಿನಲ್ಲಿ ಕೂತಿದ್ದೆ. ತಮ್ಮ ಚಹಾ ತಂದು ಕಿಟಕಿಯಲ್ಲಿ ಕೊಟ್ಟ. "ಬರಲ್ಲ ಅವನು" ಎಂದ. ಗೆದ್ದವನ ದನಿಯಲ್ಲಲ್ಲ.

ಆರು ವಾರ ಮಾತಾಡಿ ಏನಾಯಿತು ಎಂದು ಕೂತು ಯೋಚಿಸಿದೆ. 'ನಿಮ್ಮೋರು' ಅನ್ನುವ ಕಡೆ 'ಇಬ್ಬರು ಹೆಂಗಸರು' ಅನ್ನಲು ಕಲಿತ. ಅಷ್ಟೇ. ಅದೂ ನನ್ನ ಬ್ರೇಕಿನ ಭಯಕ್ಕೆ ಇರಬಹುದು. ಅಕ್ಕನಿಗೆ ಬರೆದಿದ್ದರೆ, "ಇಷ್ಟಕ್ಕೆ ಅಷ್ಟು ಪೆಟ್ರೋಲ್ ಸುಟ್ಟೆಯಾ ಹುಚ್ಚೀ" ಅನ್ನುತ್ತಿದ್ದಳು. ಅವನ ಹೆಂಡತಿಯ ನೆನಪಾಗುತ್ತದೆ. ಅವಳನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ? ಈ ಯೋಚನೆ ಬಂದದ್ದಕ್ಕೆ ತಮ್ಮನ ಮುಖ ನೋಡಲು ಸಂಕೋಚ; ಬಾರದಿದ್ದರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ.

ಏಪ್ರಿಲ್ ೧೮, ಶುಕ್ರವಾರ

ಇವತ್ತೂ ಇಲ್ಲ. ಒಂಬತ್ತೂ ಕಾಲಿಗೆ ತಮ್ಮ ಅಂಗಡಿಯಿಂದ ಬಂದು ಕಲಿಯುವವರ ಸೀಟಿನಲ್ಲಿ ಕೂತ.

"ಹೇಗೂ ಖಾಲಿ ಗಂಟೆ. ನನಗೆ ಕಲಿಸು."

ಕೈ ಹೋದ ಮೇಲೆ ಅವನು ಸ್ಟೇರಿಂಗ್ ಮುಟ್ಟಿರಲಿಲ್ಲ. ಗೇರನ್ನು ಬೆರಳಿನಿಂದ ಹಿಡಿಯದೆ ಅಂಗೈಯಿಂದ ತಳ್ಳುವುದನ್ನು ತೋರಿಸಿದೆ. ಬೀದಿಯನ್ನು ಎರಡು ಸುತ್ತು ಹಾಕಿದೆವು. "ಬಲಗಡೆ ನನ್ನ ಹೆಂಡತಿ. ಮೇಲಿಂದ ನೋಡ್ತಿದ್ದಾಳೆ. ಬೈಯ್ಯೋ ಸಾಧ್ಯತೆ ಇದೆ" ಎಂದು ಹೇಳುತ್ತ ಓಡಿಸಿದ. ಮನೆ ಮಾತಿನಲ್ಲಿ, ಕಿಟಕಿ ಇಳಿಸಿ, ಬೀದಿಗೆಲ್ಲ ಕೇಳುವಂತೆ ಇಬ್ಬರೂ ನಕ್ಕೆವು. ಇಳಿಯುವ ಮೊದಲು ಡಬ್ಬಿಯಿಂದ ಚಕ್ರ ತೆಗೆದು ತಾನೇ ಕನ್ನಡಿಗೆ ಕಟ್ಟಿದ. ಗಂಟು ಹಾಕಲು ಹೊತ್ತು ಹಿಡಿಯಿತು. ನಾನು ಕೈಹಾಕಲಿಲ್ಲ.

ಏಪ್ರಿಲ್ ೨೧, ಸೋಮವಾರ

ಒಂಬತ್ತಕ್ಕೆ ಬರಲಿಲ್ಲ. ಒಂಬತ್ತೂವರೆಗೆ ಬೀದಿಯ ತಿರುವಿನಲ್ಲಿ ಬಾತುಕೋಳಿಯ ನಡಿಗೆ ಕಂಡಿತು. ಬಾಗಿಲಲ್ಲಿ ಕೂತ ಮಕ್ಕಳು ಅವನ ಕಿವಿಯ ಹಿಂದಿನ ಹಚ್ಚೆ ಕಂಡು ಒಳಗೆ ಓಡಿದವು. ಅವನು ಅದನ್ನು ನೋಡಿದ; ತಲೆ ತಗ್ಗಿಸಿಕೊಂಡು ಬಂದ.

"ಯಾಕೆ ತಡ?" ಎಂದೆ.

"ಠಾಣೆಗೆ ಹೋಗಿದ್ದೆ. ಒಳಗೆ ಬಿಡೋದೇ ಎಂಟೂವರೆಗಂತೆ."

ತಮ್ಮ ಎದುರುಗಡೆಯ ಕಟ್ಟೆಯ ಮೇಲೆ ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದ. ತಿರುಗಿಸುವುದನ್ನು ನಿಲ್ಲಿಸಿದ.

"ನನ್ನ ಹೆಸರು ಬರೆಸಿದೆ" ಎಂದ ಅವನು, ನನಗೆ ಹೇಳುವಂತೆ, ತಮ್ಮನಿಗೆ ಕೇಳುವಂತೆ. "ನನ್ನದು ಮಾತ್ರ. ಉಳಿದೋರ ಹೆಸರು ನನ್ನಿಂದ ಆಗಲ್ಲ. ಕರೆದಾಗ ಬರಬೇಕು ಅಂದ್ರು."

ಒಂದೇ ಹೆಸರು. ಇನ್ನೂ ನಾಲ್ಕೈದು ಕೈಗಳಿದ್ದವು ಆ ಶಟರಿನ ಮೇಲೆ. ಹಚ್ಚೆ ಇದ್ದಲ್ಲೇ ಇದೆ. ಅವನು ಇನ್ನು ಅವರ ಜೊತೆ ಕೂರುವುದಿಲ್ಲ ಎಂದೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಕೂತ್ಕೋ" ಎಂದೆ. ಕೂತ. ಚಕ್ರ ನೋಡಿದ.

"ಇದು ಮೊದಲೂ ಇತ್ತಲ್ವಾ?"

"ನನ್ನ ತಮ್ಮ ಮಾಡಿದ್ದು. ಅಡ್ಡ ಬರುತ್ತಾ?"

"ಇಲ್ಲ."

"ಹಾಗಾದ್ರೆ ಶುರು ಮಾಡು."

ಬೆಲ್ಟು, ಕನ್ನಡಿ, ಗೇರು. ಬಾಯಿ ತೆರೆದ. "ಬೀದಿ ಖಾಲಿ. ಮಕ್ಕಳು ಒಳಗೆ ಹೋಗಿದ್ದಾವೆ. ಬಲಗಡೆ ಅಂಗಡಿ, ಬಾಗಿಲು ತೆಗೆದಿದೆ. ಎಡಗಡೆ ಕಟ್ಟೆ ಹತ್ತಿರ ಒಬ್ರು ನಿಂತಿದ್ದಾರೆ. ನಮ್ಮನ್ನೇ ನೋಡ್ತಿದ್ದಾರೆ. ದಾಟ್ತಾರೋ ಇಲ್ವೋ ಗೊತ್ತಾಗ್ತಿಲ್ಲ."

"ಗೊತ್ತಾಗೋವರೆಗೂ?"

"ಕಾಯ್ಬೇಕು."

ಕಾದೆವು. ಹತ್ತು ಗಂಟೆಯ ವಿದ್ಯಾರ್ಥಿನಿ ಎರಡು ಸಲ ಫೋನು ಮಾಡಿದಳು, ತೆಗೆಯಲಿಲ್ಲ. ತಮ್ಮ ಕೈ ಒರೆಸಿಕೊಂಡ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಆ ಕಡೆ ಈ ಕಡೆ ನೋಡದೆ, ಓಡುತ್ತಿರುವ ಇಂಜಿನ್ನಿನ ಮುಂದೆ, ಒಂದು ಗೇಣು ದೂರದಲ್ಲಿ, ತನ್ನ ಅಂಗಡಿಯ ಕಡೆಗೆ ನಿಧಾನವಾಗಿ ನಡೆದ. ನಡುವೆ ಒಮ್ಮೆ ನಿಂತು, ಬಲಗೈಯನ್ನು ಬಾನೆಟ್ಟಿನ ಮೇಲೆ ಊರಿ ಚಪ್ಪಲಿ ಸರಿಮಾಡಿಕೊಂಡ. ಆಮೇಲೆ ದಾಟಿದ.

ನಾನು ನನ್ನ ಬ್ರೇಕನ್ನು ಪೂರ್ತಿ ತುಳಿದಿದ್ದೆ. ಕೆಳಗೆ ನೋಡಿದೆ. ಅವನೂ ತನ್ನದನ್ನು ತುಳಿದಿದ್ದ.